ನಾಯಿಗಳ ಗಮನಕ್ಕೆ

ಯಾವ ಪಾರ್ಕಿಗೆ ಹೋದರೂ ಆ ಬೋರ್ಡು ಇರುತ್ತದೆ. ಅದರಲ್ಲಿ ಒಂದು ನಾಯಿ ಕುಕ್ಕರುಗಾಲಲ್ಲಿ ಕೂತಿರುತ್ತದೆ. ಹಿಂದೆ ಒಂದು ಪುಟ್ಟ ಗುಡ್ಡೆ. ಎಲ್ಲದರ ಮೇಲೆ ಅಡ್ಡಕ್ಕೊಂದು ಕೆಂಪು ಗೆರೆ. ಚಿತ್ರ ಚೆನ್ನಾಗಿದೆ, ಹೇಳಿದ್ದೂ ಅರ್ಥವಾಗುತ್ತದೆ. ಆದರೆ ಹೇಳಿದ್ದು ನಾಯಿಗೆ. ನಾಯಿ ಬರುತ್ತದೆ, ಬೋರ್ಡಿನ ಕಂಬ ಮೂಸುತ್ತದೆ, ತನಗಿಂತ ಮೊದಲು ಬಂದವರು ಏನು ಬರೆದಿದ್ದಾರೆ ಅಂತ ಓದಿಕೊಳ್ಳುತ್ತದೆ. ಆಮೇಲೆ ಕಾಲೆತ್ತಿ ತನ್ನ ಅಭಿಪ್ರಾಯವನ್ನೂ ಸೇರಿಸಿ ಮುಂದೆ ಹೋಗುತ್ತದೆ. ಜೊತೆಯಲ್ಲಿ ಅಕ್ಷರ ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಅವರು ಫೋನ್ ನೋಡುತ್ತಿರುತ್ತಾರೆ. ಬೋರ್ಡಿನಲ್ಲಿ ಅವರ ಚಿತ್ರ ಇಲ್ಲವಲ್ಲ!

ನಾಯಿ ಸಾಕುವುದು ದೊಡ್ಡ ಜವಾಬ್ದಾರಿ. ಇದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಸಾಕುವವರಂತೂ ದಿನಕ್ಕೆರಡು ಸಲ ಹೇಳುತ್ತಾರೆ. ಆ ಜವಾಬ್ದಾರಿಯನ್ನು ಹೊರಬೇಕಾದವರು ಯಾರು ಅನ್ನುವುದೂ ಸದ್ದಿಲ್ಲದೆ ತೀರ್ಮಾನವಾಗಿಬಿಟ್ಟಿದೆ. ನಾಯಿಯೇ ಹೊರಲಿ. ಅದಕ್ಕೆ ನಾಲ್ಕು ಕಾಲಿದೆ, ನಮಗೆ ಎರಡೇ.

ನೀವು ದಾರಿಯಲ್ಲಿ ನಡೆದು ಹೋಗುತ್ತಿದ್ದೀರಿ ಅನ್ನಿ. ಎದುರಿನಿಂದ ಕರುವಿನಷ್ಟೆತ್ತರದ ನಾಯಿ ಓಡಿಬರುತ್ತದೆ. ಅದರ ಹಿಂದೆ, ಬಹಳ ಹಿಂದೆ, ಕೈಯಲ್ಲಿ ಖಾಲಿ ಹಗ್ಗ ಹಿಡಿದವರೊಬ್ಬರು ಕೂಗುತ್ತಾರೆ: "ಏನೂ ಮಾಡಲ್ಲ, ಸುಮ್ನೆ ನಿಂತ್ಕೊಳ್ಳಿ!" ಗಮನಿಸಿ, ನಿಲ್ಲು ಅಂತ ಹೇಳಿದ್ದು ನಿಮಗೆ, ನಾಯಿಗಲ್ಲ. ನಾಯಿ ಅವರ ಮಾತು ಕೇಳುವುದಿಲ್ಲ ಅಂತ ಅವರಿಗೆ ಗೊತ್ತು. ನೀವು ಕೇಳಬಹುದೇನೋ ಅನ್ನುವ ಆಸೆ. ಆಮೇಲೆ ಆದೇಶಗಳ ಮೇಲೆ ಆದೇಶ. ಓಡಬೇಡಿ. ಕೈ ಎತ್ತಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಹೆದರಬೇಡಿ, ನೀವು ಹೆದರಿದರೆ ಅದಕ್ಕೆ ಗೊತ್ತಾಗುತ್ತೆ. ಅರ್ಧ ನಿಮಿಷದಲ್ಲಿ ನಿಮಗೆ ಸಿಕ್ಕಿದಷ್ಟು ತರಬೇತಿ ಆ ನಾಯಿಗೆ ಹುಟ್ಟಿದಾಗಿನಿಂದ ಸಿಕ್ಕಿರುವುದಿಲ್ಲ.

"ಬಾಲ ಅಲ್ಲಾಡಿಸ್ತಾ ಇದೆ ನೋಡಿ, ಎಷ್ಟು ಖುಷಿ ಅದಕ್ಕೆ!" ಅಂತಲೂ ಕೇಳಿಬರುತ್ತದೆ. ಬಾಲದ ಬಗ್ಗೆ ಇಟಲಿಯ ಸಂಶೋಧಕರು 2007ರಲ್ಲಿ ಒಂದು ವಿಷಯ ಪ್ರಕಟಿಸಿದರು. ಒಡೆಯನನ್ನು ಕಂಡಾಗ ಬಾಲ ಬಲಗಡೆಗೆ ಜಾಸ್ತಿ ವಾಲುತ್ತದೆಯಂತೆ. ಗುರುತಿಲ್ಲದ, ತನ್ನ ಮೇಲೆ ಜೋರು ಮಾಡುವಂಥ ನಾಯಿಯನ್ನು ಕಂಡಾಗ ಎಡಗಡೆಗೆ. ಬಲ ಅಂದರೆ ನಾಯಿಯ ಬಲ. ಎದುರಿಗೆ ನಿಂತ ನಿಮಗೆ ಅದು ಎಡ. ಸುಮ್ನೆ ನಿಂತಿದ್ದೀರಲ್ಲ, ಅಷ್ಟರಲ್ಲಿ ಈ ಲೆಕ್ಕವನ್ನೂ ಮಾಡಿಕೊಳ್ಳಿ. ಬೊಗಳೋ ನಾಯಿ ಕಚ್ಚಲ್ಲ ಅನ್ನುವ ಗಾದೆಯೂ ಇದೆ. ನಿಮಗೆ ಗೊತ್ತು, ಒಡೆಯರಿಗೂ ಗೊತ್ತು. ಗೊತ್ತಿರಬೇಕಾದವರಿಗೆ ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಇನ್ನೊಂದು ಭರವಸೆ ಇದೆ. "ಇವತ್ತಿನವರೆಗೆ ಯಾರಿಗೂ ಕಚ್ಚಿಲ್ಲ." ಪ್ರಪಂಚದಲ್ಲಿ ಯಾರಿಗಾದರೂ ಕಚ್ಚಿದ ಪ್ರತಿಯೊಂದು ನಾಯಿಗೂ ಅದರ ಹಿಂದಿನ ದಿನದವರೆಗೆ ಇದೇ ಸರ್ಟಿಫಿಕೇಟ್ ಇತ್ತು.

ಹಗ್ಗ ಯಾಕೆ ಹಾಕಿಲ್ಲ ಅಂತ ಕೇಳಿದರೆ ಅದಕ್ಕೂ ಸ್ವಾತಂತ್ರ್ಯ ಬೇಡವಾ ಅನ್ನುತ್ತಾರೆ. ಒಳ್ಳೆಯ ಮಾತು. ಇದೇ ನಾಯಿಗೆ ದಿನದ ಒಂಬತ್ತು ಗಂಟೆ ಬಾಲ್ಕನಿಯ ಮೂರು ಹೆಜ್ಜೆ ಜಾಗದಲ್ಲಿ ಯಾವ ಸ್ವಾತಂತ್ರ್ಯ ಇರುತ್ತದೆ ಅಂತ ಮಾತ್ರ ಕೇಳಬಾರದು. ಅಲ್ಲಿ ಅದು ಬೊಗಳುತ್ತದೆ. ಗೇಟು ಕಿರ್ ಅಂದರೆ, ಎಲೆ ಬಿದ್ದರೆ, ಏನೂ ಬೀಳದಿದ್ದರೆ. ಪಕ್ಕದ ಮನೆಯವರು ತಡೆದೂ ತಡೆದೂ ಒಂದು ಸಂಜೆ ಬಂದು ಹೇಳಿದರೆ ಒಡೆಯರಿಗೆ ನಿಜವಾಗಿಯೂ ಆಶ್ಚರ್ಯ. "ನಮ್ಮನೇದಾ? ನಾವಿದ್ದಾಗ ಬೊಗಳೋದೇ ಇಲ್ವಲ್ಲ!" ಸರಿಯಾಗಿಯೇ ಹೇಳಿದರು. ನೀವಿಲ್ಲ ಅಂತಲೇ ಅಲ್ವಾ ಅದು ಬೊಗಳುತ್ತಿರುವುದು? ಪರಿಹಾರವನ್ನೂ ಪಕ್ಕದವರೇ ಹುಡುಕಿಕೊಳ್ಳಬೇಕು. ಕಿಟಕಿ ಹಾಕಿಕೊಳ್ಳಬಹುದು, ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದು. ಅಥವಾ ಪ್ರಾಣಿಗಳನ್ನು ಪ್ರೀತಿಸುವುದನ್ನು ಕಲಿಯಬಹುದು. ಕಡೆಯದನ್ನು ಒಡೆಯರೇ ಸೂಚಿಸುತ್ತಾರೆ.

ಈಗ ಬೋರ್ಡಿನ ವಿಷಯಕ್ಕೇ ಬರೋಣ, ಆ ಪುಟ್ಟ ಗುಡ್ಡೆಗೆ. ಈ ಇಡೀ ವ್ಯವಹಾರದಲ್ಲಿ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಒಂದು ಕವರ್, ಒಂದು ಸಲ ಬಗ್ಗುವುದು, ಒಂದು ಗಂಟು. ಆದರೆ ನಾಯಿ ಕೂತ ಕೂಡಲೇ ಒಡೆಯರಿಗೆ ಆಕಾಶದ ಮೇಲೆ ವಿಪರೀತ ಆಸಕ್ತಿ ಹುಟ್ಟುತ್ತದೆ. ಮೋಡ ನೋಡುತ್ತಾರೆ. ಹಕ್ಕಿ ನೋಡುತ್ತಾರೆ. ಯಾವತ್ತೂ ಬಾರದ ಫೋನ್ ಕರೆ ಆಗಲೇ ಬರುತ್ತದೆ. ಕೆಲವರ ಕೈಯಲ್ಲಿ ಕವರ್ ಇರುತ್ತದೆ. ಹೋಗುವಾಗಲೂ ಅದೇ ಕವರ್, ಬರುವಾಗಲೂ ಅದೇ ಕವರ್. ತಿಂಗಳುಗಟ್ಟಲೆ ಮಡಿಕೆ ಬಿಚ್ಚದೆ ಹಾಗೇ ಇರುತ್ತದೆ. ಅದು ಎತ್ತುವುದಕ್ಕಲ್ಲ, ಯಾರಾದರೂ ದುರುಗುಟ್ಟಿ ನೋಡಿದರೆ ತೋರಿಸುವುದಕ್ಕೆ.

ಇವರಿಗಿಂತ ಒಂದು ಮೆಟ್ಟಿಲು ಮೇಲಿನವರು ನಿಜವಾಗಿ ಬಗ್ಗುತ್ತಾರೆ, ಎತ್ತುತ್ತಾರೆ, ಗಂಟು ಹಾಕುತ್ತಾರೆ. ನಂತರ ಆ ಗಂಟನ್ನು ಹತ್ತಿರದ ಗಿಡದ ಕೊಂಬೆಗೆ ತೂಗುಹಾಕಿ ಹೋಗುತ್ತಾರೆ. ಇದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕಷ್ಟದ ಭಾಗವೆಲ್ಲ ಮುಗಿದಿತ್ತಲ್ಲ? ನೆಲದಲ್ಲೇ ಬಿಟ್ಟಿದ್ದರೆ ಮಳೆಗೋ ಬಿಸಿಲಿಗೋ ಎಂದಾದರೂ ಕರಗುತ್ತಿತ್ತು. ಈಗ ಪ್ಲಾಸ್ಟಿಕ್ಕಿನ ರಕ್ಷಣೆಯಲ್ಲಿ, ಗಾಳಿಗೆ ತೂಗಾಡುತ್ತಾ, ಮುಂದಿನ ಪೀಳಿಗೆಗೂ ಉಳಿಯುತ್ತದೆ. ಅವರನ್ನು ಕೇಳಿದರೆ "ವಾಪಸ್ ಬರುವಾಗ ತಗೊಂಡು ಹೋಗ್ತೀನಿ" ಅನ್ನುತ್ತಾರೆ. ವಾಪಸ್ ಬರುವುದು ಬೇರೆ ದಾರಿಯಲ್ಲಿ.

"ಬಿಡಿ ಸಾರ್, ಗೊಬ್ಬರ ತಾನೇ" ಅನ್ನುವ ಪಂಡಿತರೂ ಇದ್ದಾರೆ. ಹುಲ್ಲು ತಿನ್ನುವ ದನದ ಸಗಣಿಗೂ ಇದಕ್ಕೂ ವ್ಯತ್ಯಾಸ ಇದೆ ಸ್ವಾಮಿ. ನಾಯಿಯ ಹೊಟ್ಟೆಯಲ್ಲಿ ಟೊಕ್ಸೊಕಾರ ಅನ್ನುವ ದುಂಡುಹುಳ ಇರಬಹುದು. ಅದರ ಮೊಟ್ಟೆ ಬಿದ್ದ ದಿನವೇ ಅಪಾಯಕಾರಿಯಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಬಲಿತು ಆಮೇಲೆ ಸೋಂಕು ಹರಡಲು ಸಿದ್ಧವಾಗುತ್ತದೆ, ವರ್ಷಗಟ್ಟಲೆ ಹಾಗೇ ಕಾಯುತ್ತದೆ. ಅಂದರೆ ನೋಡುವುದಕ್ಕೆ ಎಲ್ಲ ಸ್ವಚ್ಛವಾಗಿ, ಮಗು ಅದೇ ಜಾಗದಲ್ಲಿ ಮಣ್ಣಾಟ ಆಡಲು ಕೂತಾಗ ಇದರ ಕೆಲಸ ಶುರು. ಅಪರೂಪಕ್ಕೆ ಆ ಮರಿಹುಳ ಕಣ್ಣಿಗೂ ಹೋಗಿ ದೃಷ್ಟಿ ಕೆಡಿಸುತ್ತದೆ. ನಾಯಿಗೆ ಕಾಲಕಾಲಕ್ಕೆ ಜಂತುಹುಳದ ಮಾತ್ರೆ ಹಾಕಿ ಅಂತ ವೈದ್ಯರು ಬಡಕೊಳ್ಳುವುದು ಇದಕ್ಕೇ. ಹೂವಿನ ಗಿಡಕ್ಕೆ ಬೇರೇನಾದರೂ ಹಾಕೋಣ.

ಸರ್ಕಾರಗಳೂ ಈ ಗುಡ್ಡೆಯ ಮುಂದೆ ಸೋತು ಸುಣ್ಣವಾಗಿವೆ. ನ್ಯೂಯಾರ್ಕಿನಲ್ಲಿ ನಾಯಿಯ ಒಡೆಯರೇ ಎತ್ತಬೇಕು ಅಂತ 1978ರಲ್ಲಿ ಕಾನೂನು ಜಾರಿಗೆ ಬಂತು. ಮನುಷ್ಯ ಚಂದ್ರನ ಮೇಲಿಂದ ಕಲ್ಲು ಎತ್ತಿಕೊಂಡು ಬಂದದ್ದು 1969ರಲ್ಲಿ. ಯಾವುದು ಕಷ್ಟದ ಕೆಲಸ ಅಂತ ಇದರಲ್ಲೇ ಗೊತ್ತಾಗುತ್ತದೆ. ಫ್ರಾನ್ಸಿನ ಬೆಜಿಯೆ ಪಟ್ಟಣ 2023ರಲ್ಲಿ ಇನ್ನೂ ಮುಂದೆ ಹೋಯಿತು. ನಾಯಿಯ ಜೊಲ್ಲು ತೆಗೆದು ಡಿಎನ್‌ಎ ದಾಖಲಿಸಿ, ಬೀದಿಯಲ್ಲಿ ಸಿಕ್ಕಿದ್ದರ ಜೊತೆ ತಾಳೆ ನೋಡಿ, ಒಡೆಯರಿಗೆ ದಂಡ ಹಾಕುವ ಯೋಜನೆ. ಕೊಲೆ ಕೇಸಿಗೆ ಬಳಸುವ ವಿಜ್ಞಾನ ಬೇಕಾಯಿತು ನೋಡಿ, ಒಬ್ಬ ಮನುಷ್ಯ ಬೆನ್ನು ಬಗ್ಗಿಸಬೇಕಾದರೆ!

ನನಗೆ ಬಹಳ ಇಷ್ಟವಾಗಿದ್ದು ಸ್ಪೇನಿನ ಬ್ರುನೆಟೆಯವರ ಉಪಾಯ. ಮ್ಯಾಡ್ರಿಡ್ ಹತ್ತಿರದ ಸಣ್ಣ ಪಟ್ಟಣ. ಅಲ್ಲಿ 2013ರಲ್ಲಿ ಸ್ವಯಂಸೇವಕರು ಬೀದಿಗಿಳಿದರು. ಯಾರಾದರೂ ಎತ್ತದೆ ಹೊರಟರೆ ಹೋಗಿ ಮಾತಾಡಿಸುವುದು. ಅಯ್ಯೋ ಎಷ್ಟು ಮುದ್ದಾಗಿದೆ, ಯಾವ ತಳಿ, ಹೆಸರೇನು? ನಾಯಿಯ ಹೆಸರು ಕೇಳಿದರೆ ಹೇಳದ ಒಡೆಯರು ಭೂಮಿಯ ಮೇಲಿಲ್ಲ. ತಳಿ ಮತ್ತು ಹೆಸರು ಸಿಕ್ಕಿತಲ್ಲ, ಪುರಸಭೆಯ ನಾಯಿ ನೋಂದಣಿ ಪುಸ್ತಕದಲ್ಲಿ ವಿಳಾಸವೂ ಸಿಕ್ಕಿತು. ಬಿಟ್ಟುಹೋದ ಮಾಲನ್ನು ಎತ್ತಿ, ಪೆಟ್ಟಿಗೆಯಲ್ಲಿ ಹಾಕಿ, ಪುರಸಭೆಯ ಮುದ್ರೆ ಒತ್ತಿ, "ಕಳೆದುಹೋದ ವಸ್ತು" ಅಂತ ಬರೆದು ಮನೆಬಾಗಿಲಿಗೆ ತಲುಪಿಸಿದರು. ಒಟ್ಟು 147 ಪೆಟ್ಟಿಗೆ. ಸಹಿ ಹಾಕಿ ಪಡೆದುಕೊಂಡವರ ಮುಖ ನೋಡಬೇಕಿತ್ತು. ಇಲ್ಲಿ ಬೋರ್ಡಿಲ್ಲ, ಕೆಂಪು ಗೆರೆ ಇಲ್ಲ, ಉಪದೇಶವಂತೂ ಇಲ್ಲವೇ ಇಲ್ಲ. ಮೊದಲ ಸಲ ಪತ್ರ ಸರಿಯಾದ ವಿಳಾಸಕ್ಕೆ ಹೋಯಿತು, ಅಷ್ಟೇ.

ನಾಯಿ ಸೋಫಾ ಹರಿದಾಗ ನಡೆಯುವ ವಿಚಾರಣೆಯನ್ನೂ ನೋಡಬೇಕು. "ಯಾರು ಮಾಡಿದ್ದು ಇದು?" ಮನೆಯಲ್ಲಿ ಹಲ್ಲಿನಿಂದ ಸೋಫಾ ಹರಿಯುವವರು ಎಷ್ಟು ಜನ ಇದ್ದಾರೋ! ನಾಯಿ ತಲೆ ತಗ್ಗಿಸುತ್ತದೆ, ಕಿವಿ ಹಿಂದಕ್ಕೆ ಮಾಡುತ್ತದೆ, ಓರೆಗಣ್ಣಲ್ಲಿ ನೋಡುತ್ತದೆ. "ನೋಡಿ, ತಪ್ಪು ಮಾಡಿದೆ ಅಂತ ಅದಕ್ಕೇ ಗೊತ್ತು!" ವಿಡಿಯೋ ತೆಗೆದು ಎಲ್ಲರಿಗೂ ಕಳಿಸಲಾಗುತ್ತದೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ವಿಜ್ಞಾನಿ 2009ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ತಿನ್ನಬೇಡ ಅಂದ ತಿಂಡಿಯನ್ನು ನಾಯಿ ತಿಂದಿದೆ ಅಂತ ಒಡೆಯರಿಗೆ ಕೆಲವು ಸಲ ಸುಳ್ಳೇ ಹೇಳಿಸಿದರು. ಆ ತಪ್ಪಿತಸ್ಥ ಮುಖಕ್ಕೂ ನಾಯಿ ಮಾಡಿದ ತಪ್ಪಿಗೂ ಸಂಬಂಧವೇ ಕಾಣಲಿಲ್ಲ. ಒಡೆಯರು ಬೈದರೆ ಆ ಮುಖ ಬರುತ್ತಿತ್ತು. ಏನೂ ತಿನ್ನದೆ ಸುಮ್ನೆ ಇದ್ದು ಬೈಸಿಕೊಂಡ ನಾಯಿಗಳಲ್ಲಿ ಇನ್ನೂ ಜಾಸ್ತಿ ಬರುತ್ತಿತ್ತು. ಪಾಪ, ಅದು ನಿಮ್ಮ ಸಿಟ್ಟು ನೋಡಿ ಹೆದರಿದ ಮುಖ. ಮನೆಯ ಪಶ್ಚಾತ್ತಾಪದ ಖಾತೆಯೂ ಹೀಗೆ ನಾಯಿಯ ಪಾಲಿಗೇ ಬಂದಿದೆ. ದಿನವಿಡೀ ಒಂಟಿಯಾಗಿ ಬಿಟ್ಟು, ಕಡಿಯಲು ಒಂದು ಆಟಿಕೆಯನ್ನೂ ಕೊಡದೆ ಹೋದವರ ಮುಖದಲ್ಲಿ ಅಂಥದ್ದೇನೂ ಕಾಣುವುದಿಲ್ಲ.

ಪ್ರೀತಿ ಮಾತ್ರ ಅಪಾರ, ಅದರಲ್ಲಿ ಅನುಮಾನವಿಲ್ಲ. ಹುಟ್ಟುಹಬ್ಬಕ್ಕೆ ಕೇಕು, ಟೋಪಿ, ಫೋಟೋಗ್ರಾಫರ್. ಹುಟ್ಟಿದ ತಾರೀಖು ಗಂಟೆ ಸಮೇತ ನೆನಪಿರುತ್ತದೆ. ರೇಬೀಸ್ ಚುಚ್ಚುಮದ್ದು ಮತ್ತೆ ಯಾವಾಗ ಅಂತ ಕೇಳಿದರೆ "ಹಾಕ್ಸಿದ್ವಲ್ಲಾ... ಆವತ್ತು" ಅನ್ನುತ್ತಾರೆ. ಆವತ್ತು ಅಂದರೆ ಮರಿಯಾಗಿದ್ದಾಗ. "ಅದು ಮನೆ ಬಿಟ್ಟು ಹೊರಗೇ ಹೋಗಲ್ಲ, ಅದಕ್ಯಾಕೆ ಚುಚ್ಚಿಸಬೇಕು?" ಅಂತಲೂ ವಾದ. ಸ್ವಾತಂತ್ರ್ಯಕ್ಕಾಗಿ ಹಗ್ಗ ಬಿಚ್ಚಿದ್ದೂ ಇದೇ ನಾಯಿಗೆ ಅನ್ನುವುದನ್ನು ಮರೆಯಬಾರದು. ಇಲ್ಲಿ ನಗುವುದಕ್ಕೆ ಕಷ್ಟ. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್, ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನಿಗೆ ರೇಬೀಸ್ ಲಸಿಕೆ ಕೊಟ್ಟದ್ದು 1885ರ ಜುಲೈ 6ರಂದು. ಇಷ್ಟು ವರ್ಷಗಳಾದರೂ, ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ರೇಬೀಸ್ ತಗಲುವುದು ನೂರಕ್ಕೆ 99ರಷ್ಟು ನಾಯಿಯಿಂದಲೇ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೇಕಿಗೆ ಆಗುವ ಖರ್ಚಿನಲ್ಲಿ ಈ ಸೂಜಿ ಬರುತ್ತದೆ. ಆದರೆ ಸೂಜಿಯ ಫೋಟೋ ಚೆನ್ನಾಗಿ ಬರುವುದಿಲ್ಲವಲ್ಲ.

ಊಟದ ಕಥೆಯೂ ಇದೇ. ನಾಯಿ ಪೀಪಾಯಿಯಂತೆ ಉರುಳುತ್ತಾ ಬರುತ್ತದೆ, ಒಡೆಯರು "ತಳಿಯೇ ಹಾಗೆ" ಅನ್ನುತ್ತಾರೆ. ಬಟ್ಟಲು ತುಂಬಿಸಿದ್ದು ತಳಿಯೇ ಇರಬೇಕು. ಹೆಚ್ಚುಕಡಿಮೆ ಜೀವಮಾನವಿಡೀ 48 ಲ್ಯಾಬ್ರಡಾರ್‌ಗಳನ್ನು ಗಮನಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ತಿಂದವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು. ಇದನ್ನು ಹೇಳಿದರೆ ಒಡೆಯರು ಬಿಸ್ಕತ್ತು ಕೊಡುತ್ತಲೇ ಕೇಳಿಸಿಕೊಳ್ಳುತ್ತಾರೆ. "ಆ ಕಣ್ಣು ನೋಡಿ, ಹೆಂಗೆ ಇಲ್ಲ ಅನ್ನೋದು?" ಚಪ್ಪಟೆ ಮೂತಿಯ ನಾಯಿ ಉಸಿರಾಡಲಾಗದೆ ಗೊರ್ ಗೊರ್ ಅಂದರೆ ಅದು ಮುದ್ದು. ಬಿಸಿಲಲ್ಲಿ ಕಿಟಕಿ ಎರಡು ಬೆರಳಷ್ಟು ಇಳಿಸಿ ಕಾರಿನಲ್ಲಿ ಕೂಡಿಹಾಕಿ ಹೋದರೆ ಅದು "ಐದೇ ನಿಮಿಷ". ನಿಂತ ಕಾರಿನ ಒಳಗಿನ ಬಿಸಿ ಏರುವುದೆಲ್ಲ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಅಂತಲೂ, ಕಿಟಕಿ ಚೂರು ಇಳಿಸಿದರೆ ಏನೂ ಪ್ರಯೋಜನವಿಲ್ಲ ಅಂತಲೂ 2005ರಲ್ಲೇ ಅಳೆದು ನೋಡಿದ್ದಾರೆ. ನಾಯಿಗೆ ಮೈಯೆಲ್ಲ ಬೆವರುವ ಅನುಕೂಲವೂ ಇಲ್ಲ, ಅದು ನಾಲಿಗೆ ಚಾಚಿ ತೇಕಬೇಕು. ಕಾರಿನ ಬಾಗಿಲು ತೆರೆಯುವುದನ್ನು ಅದು ಇನ್ನೂ ಕಲಿತಿಲ್ಲ. ಅದೂ ಅದರದ್ದೇ ತಪ್ಪು.

ಕೆಲವರು ಇಷ್ಟೆಲ್ಲ ಆದ ಮೇಲೆ ನಾಯಿಯನ್ನು ತರಬೇತಿಗೆ ಸೇರಿಸುತ್ತಾರೆ. "ಇದು ಮಾತೇ ಕೇಳಲ್ಲ, ಸರಿ ಮಾಡಿಕೊಡಿ" ಅಂತ ಬಿಟ್ಟು ಹೊರಡಲು ನೋಡುತ್ತಾರೆ. ಒಳ್ಳೆಯ ತರಬೇತುದಾರರು ಅವರನ್ನು ಬಿಡುವುದಿಲ್ಲ. ಕೂತ್ಕೋ ಅಂದರೆ ಕೂರಬೇಕು ಅನ್ನುವುದು ನಾಯಿಗೆ ಬೇಗ ತಿಳಿಯುತ್ತದೆ. ಮಿಕ್ಕ ವಾರಗಳೆಲ್ಲ ಹಗ್ಗದ ಈಚೆ ತುದಿಗೆ. ಒಂದೇ ಮಾತನ್ನು ಹತ್ತು ಸಲ ಕೂಗಬೇಡಿ. ನಿನ್ನೆ ಸೋಫಾ ಹತ್ತಿಸಿ ಇವತ್ತು ಇಳಿಸಬೇಡಿ. ಮಾತು ಕೇಳಿದಾಗ ಹೊಗಳಿ, ಬಂದ ಮೇಲೆ ಬೈಯಬೇಡಿ. ಫೋನ್ ಜೇಬಿಗೆ ಹಾಕಿ. ದಯವಿಟ್ಟು ಹಾಕಿ. ನಾಯಿ ಇದನ್ನೆಲ್ಲ ಪಕ್ಕದಲ್ಲಿ ಕೂತು ತಾಳ್ಮೆಯಿಂದ ನೋಡುತ್ತಿರುತ್ತದೆ, ನಡುನಡುವೆ ಆಕಳಿಸುತ್ತದೆ. ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ನಾಯಿಯ ಹೆಸರೊಂದೇ ಇರುತ್ತದೆ. ಪಾಸಾದವರ ಹೆಸರು ತಾನೇ ಬರೆಯುವುದು.