ಆ ತೋಳಿನಲ್ಲಿ ಒಂದು ತಾಯಿತವಿತ್ತು

ಹೋದ ಭಾನುವಾರ ಕಲಬುರಗಿಯ ಶಹಾಬಜಾರಿನ ಒಂದು ಕೋಣೆಯಲ್ಲಿ ಅಕ್ಕನ ಮಗನ ಮೆಟಲ್ (ಅಬ್ಬರದ ರಾಕ್ ಸಂಗೀತ) ಬ್ಯಾಂಡಿನ ಅಭ್ಯಾಸ ಕೇಳುತ್ತ ಕುಳಿತಿದ್ದೆ. ಮೂರು ಹಾಡು ಸಿದ್ಧವಾಗಿವೆ, ಚೆನ್ನಾಗಿಯೂ ಇವೆ. ಮುಗಿದ ಮೇಲೆ ಅವನು ಮೊಬೈಲ್ ಚಾಚಿ, 'ಮಾಮಾ, ಇದೇ ನಮ್ಮ ಆಲ್ಬಮ್ಮಿನ ಮುಖಪುಟ' ಎಂದ. ಕುಸಿದ ಕಟ್ಟಡದ ಅಡಿಯಲ್ಲಿ ಅರ್ಧ ಹೂತ ಒಬ್ಬ ಕೂಲಿಯವನ ಹೆಣ. ಇಂಟರ್ನೆಟ್ಟಿನಲ್ಲಿ ಸಿಕ್ಕ ಫೋಟೊ. ಯಾವ ಊರು, ಯಾವ ವರ್ಷ, ಯಾರ ಮಗ ಎಂದು ಕೇಳಿದರೆ ಗೊತ್ತಿಲ್ಲ. ಮುಖದ ತುಂಬ ಸಿಮೆಂಟಿನ ಧೂಳು. ತೋಳಿನಲ್ಲಿ ಕರಿದಾರದ ತಾಯಿತ. ದಾರ ಇನ್ನೂ ಹೊಸದು, ಗಂಟಿನ ತುದಿ ಬಿಚ್ಚಿರಲಿಲ್ಲ. ನನ್ನ ಕಣ್ಣು ಅಲ್ಲೇ ನಿಂತಿತು. ಗುಳೆ ಹೋಗುವಾಗ ಇಂಥದೇ ದಾರ ಕಟ್ಟಿಸಿಕೊಂಡು ಬಸ್ ಹತ್ತುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇ?

ನಾನು ಈ ಸಂಗೀತದ ವಿರೋಧಿಯಲ್ಲ. ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಸಾವನ್ನು, ಕೊಳೆಯುವ ದೇಹವನ್ನು, ನರಕವನ್ನು ಎಷ್ಟು ಘೋರವಾಗಿ ಬೇಕಾದರೂ ಹಾಡಲಿ. ಆದರೆ ಉಸಿರಾಡಿ ಬದುಕಿದ್ದ ಒಬ್ಬನ ಹೆಣವನ್ನು ಎತ್ತಿಕೊಂಡು ಬಂದು ನಮ್ಮ ಹಾಡಿಗೆ ತೋರಣ ಕಟ್ಟುವ ಹಕ್ಕು ನಮಗೆ ಯಾರು ಕೊಟ್ಟರು?

ಇದು ಹಳೆಯ ಚಾಳಿ. ಇಂಗ್ಲೆಂಡಿನ ಕಾರ್ಕಸ್ ಎಂಬ ಮೆಟಲ್ ತಂಡ 1988ರ ತನ್ನ ಮೊದಲ ಆಲ್ಬಮ್ಮಿಗೆ ಶವಪರೀಕ್ಷೆಯ ಚಿತ್ರಗಳನ್ನು ಕತ್ತರಿಸಿ ಅಂಟಿಸಿತು. ನನ್ನನ್ನು ಹೆಚ್ಚು ಕಾಡುವುದು ನಾರ್ವೆಯ ಮೇಹೆಮ್ ತಂಡ. 1991ರ ಏಪ್ರಿಲ್‌ನಲ್ಲಿ ಅದರ ಗಾಯಕ 22ನೆಯ ವಯಸ್ಸಿಗೇ ಆತ್ಮಹತ್ಯೆ ಮಾಡಿಕೊಂಡ. ಹೆಣವನ್ನು ಮೊದಲು ನೋಡಿದ ತಂಡದ ಗಿಟಾರ್ ವಾದಕ, ಜೊತೆಯಲ್ಲೇ ಉಂಡು ಮಲಗುತ್ತಿದ್ದ ಗೆಳೆಯ, ಪೊಲೀಸರಿಗೆ ತಿಳಿಸುವ ಮುನ್ನ ಕ್ಯಾಮೆರಾ ಕೊಂಡು ತಂದು ಫೋಟೊ ತೆಗೆದ. ಅವನ್ನು ನಾಶ ಮಾಡು ಎಂದು ಬಾಸ್ ನುಡಿಸುವವನು ಸಿಡಿದೆದ್ದ. 1995ರಲ್ಲಿ ಕೊಲಂಬಿಯಾದಿಂದ ಹೊರಬಂದ ಅನಧಿಕೃತ ಆಲ್ಬಮ್ಮಿನ ಮುಖಪುಟದಲ್ಲಿ ಆ ಫೋಟೊಗಳಲ್ಲೇ ಒಂದು ಬಂತು. ಸತ್ತವನಿಗೆ ಬೇಡವೆನ್ನಲು ಬಾಯಿಲ್ಲ.

'ನಿಜವನ್ನು ತೋರಿಸಬಾರದೇ ಮಾಮಾ?' ಎಂದು ಅಳಿಯ ಕೇಳಿದ. ಒಳ್ಳೆಯ ಪ್ರಶ್ನೆ. 1984ರ ಭೋಪಾಲಿನಲ್ಲಿ ಮಣ್ಣಾಗುತ್ತಿದ್ದ ಮಗುವಿನ ಮುಖವನ್ನು ಛಾಯಾಗ್ರಾಹಕರಾದ ರಘು ರೈ, ಪಾಬ್ಲೊ ಬಾರ್ತಲೋಮಿಯೊ ಸೆರೆಹಿಡಿದರು. ಆ ಮಗುವಿನ ಹೆಸರೂ ತಿಳಿಯದು. ಆದರೆ ಆ ಚಿತ್ರ ವಿಷ ಕಾರಿದ ಕಾರ್ಖಾನೆಯ ಕಡೆಗೆ ಬೆರಳು ತೋರಿಸಿತು. ನಿನ್ನ ಮುಖಪುಟ ಯಾರ ಕಡೆಗೆ ಬೆರಳು ತೋರಿಸುತ್ತದೆ? ಕಟ್ಟಡ ಕಟ್ಟಿಸಿದವನ ಹೆಸರೂ ಅದರಲ್ಲಿಲ್ಲ, ಸತ್ತವನ ಹೆಸರೂ ಇಲ್ಲ. ಉಳಿದಿರುವುದು ನಿಮ್ಮ ಬ್ಯಾಂಡಿನ ಹೆಸರೊಂದೇ.

ನಮ್ಮ ಆಳಂದದ ಕಡೆ ಮೊಹರಂ ರಾತ್ರಿ ರಿವಾಯತ್ ಪದ ಹಾಡುವವರನ್ನು ನೋಡಿ. ಕರ್ಬಲಾದಲ್ಲಿ ಹುಸೇನರು ನೀರಿಲ್ಲದೆ ಬಳಲಿದ್ದನ್ನು ಹಾಡುವಾಗ ಲಿಂಗಾಯತರ ಮನೆಯ ಮುದುಕಿಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಅಲ್ಲಿಯೂ ರಕ್ತವಿದೆ, ಬಾಣವಿದೆ, ಹೆಣವಿದೆ. ಆದರೆ ಹೆಸರು ಹಿಡಿದು, ಬಂಧುವಿನಂತೆ ಅಳುತ್ತ ಹಾಡುತ್ತಾರೆ.

ಚಿತ್ರಕಲಾವಿದ ಎಸ್.ಎಂ. ಪಂಡಿತರು ಹುಟ್ಟಿದ ಈ ಊರಿನಲ್ಲಿ ಚಿತ್ರ ಬರೆಯುವ ಕೈಗಳಿಗೆ ಬರವಿಲ್ಲ. ಯಾರಾದರೂ ಕಲಾವಿದರಿಂದ ಬರೆಸು, ದುಡ್ಡು ನಾನು ಕೊಡುತ್ತೇನೆ ಎಂದು ಹೇಳಿ ಎದ್ದು ಬಂದೆ. ನಾಲ್ಕು ದಿನವಾಯಿತು, ಅವನಿಂದ ಇನ್ನೂ ಫೋನ್ ಬಂದಿಲ್ಲ.