ಮುರಕಲ್ಲಿನ ಕಟ್ಟಡಕ್ಕೆ ಕೈ ಹಾಕುವ ಮೊದಲು ಆಚಾರಿ, ಮೇಸ್ತ್ರಿ, ಇಂಜಿನಿಯರ್ ಒಟ್ಟಿಗೆ ನಿಂತು ನೋಡಲಿ

ಮಂಗಳೂರು, ಉಡುಪಿ ಕಡೆ ಮುರಕಲ್ಲಿನ (ಲ್ಯಾಟರೈಟ್) ಗೋಡೆಯ ಹಳೆಯ ಹೆಂಚಿನ ಕಟ್ಟಡಗಳ ದುರಸ್ತಿ ಈಗ ಕನ್‌ಸ್ಟ್ರಕ್ಷನ್ ಕಂಪೆನಿಗಳ ಕೈಗೂ ಬರುತ್ತಿದೆ. ಗುತ್ತಿನ ಮನೆ (ತುಳುನಾಡಿನ ಹಳೆಯ ದೊಡ್ಡ ಮನೆತನಗಳ ಮನೆ), ಇಗರ್ಜಿ (ಚರ್ಚ್), ಮಿಷನ್ ಕಾಲದ ಶಾಲೆ, ಬಂದರಿನ ಗೋದಾಮು. ಕಂಪೆನಿಯಲ್ಲಿ ಇಂಜಿನಿಯರ್ ಇದ್ದಾರೆ, ಯಂತ್ರ ಇದೆ, ಬಂಡವಾಳವೂ ಇದೆ. ಆದರೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಸಾರಣೆ (ಪ್ಲಾಸ್ಟರ್) ಹಪ್ಪಳೆ ಎದ್ದ, ಹೆಂಚು ಹೊರುವ ಓರೆ ಮರದ, ಅಂದರೆ ಪಕ್ಕಾಸಿನ, ತುದಿ ಕುಂಬಾಗಿ ಕೊಳೆತ ಕಟ್ಟಡಗಳು ಕಣ್ಣಿಗೆ ಬೀಳುತ್ತಲೇ ಇವೆ. ಸುಣ್ಣ ಕೆಟ್ಟಿತ್ತು, ಮರ ಹಸಿ ಇತ್ತು ಅಂತ ದೂರುವುದು ಸುಲಭ. ನನ್ನ ಮಟ್ಟಿಗೆ ತಪ್ಪು ಅದಕ್ಕಿಂತ ಮೊದಲೇ ಆಗಿರುತ್ತದೆ: ಅಪಾರ್ಟ್‌ಮೆಂಟ್ ಕಟ್ಟುವ ತಂಡದ ಕ್ರಮವನ್ನು ಹಾಗೇ ತಂದು ಹಳೆ ಮನೆಯ ಮೇಲೆ ಹೇರಿದಾಗ.

ಹೊಸ ಕಟ್ಟಡದಲ್ಲಿ ಕಾಂಕ್ರೀಟಿನವರು ಬಂದು ಹೋಗುತ್ತಾರೆ, ಆಮೇಲೆ ಕಲ್ಲಿನವರು, ಆಮೇಲೆ ಸಾರಣೆ, ವೈರಿಂಗ್, ಪೈಂಟ್. ಒಬ್ಬರ ಮುಖ ಇನ್ನೊಬ್ಬರು ನೋಡದಿದ್ದರೂ ಕೆಲಸ ಮುಗಿಯುತ್ತದೆ. ಹಳೆ ಮನೆಯಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಕೆಲಸದ ಒಳಗೇ ಕೂತಿರುತ್ತದೆ.

ಪಕ್ಕಾಸು ಗೋಡೆಯ ಮೇಲೆ ಕೂರುವ ಜಾಗವನ್ನೇ ನೋಡಿ. ಮುರಕಲ್ಲಿನ ಗೋಡೆ, ಅದರ ನೆತ್ತಿಯಲ್ಲಿ ಮಲಗಿಸಿದ ಮರದ ಅಡ್ಡ, ಅಡ್ಡದ ಮೇಲೆ ಪಕ್ಕಾಸು, ಅದರ ಮೇಲೆ ರೀಪು (ಹೆಂಚು ಕೂರುವ ಮರದ ಪಟ್ಟಿ), ಹೆಂಚು. ಒಂದು ಹೆಂಚು ಜಾರಿದರೆ ನೀರು ಪಕ್ಕಾಸಿನ ಬೆನ್ನಿನ ಮೇಲೇ ಇಳಿದು ಸೀದಾ ಆ ತುದಿಗೆ ಬಂದು ನಿಲ್ಲುತ್ತದೆ. ಅಲ್ಲಿ ಕುಂಬಾಗುವುದು ಹೆಚ್ಚೆಂದರೆ ಒಂದೆರಡು ಅಡಿ. ಉಳಿದ ಮರ ಗಟ್ಟಿಯಾಗಿಯೇ ಇರುತ್ತದೆ. ಆಚಾರಿ ಒಬ್ಬರನ್ನೇ ಕೇಳಿದರೆ ಪೂರ್ತಿ ಪಕ್ಕಾಸು ಬದಲಿಸೋಣ ಅನ್ನಬಹುದು. ಮೇಸ್ತ್ರಿ ಒಬ್ಬರೇ ಇದ್ದರೆ ಸುತ್ತ ಸಿಮೆಂಟ್ ತುಂಬಿಸಿ ಸಂದು ಮುಚ್ಚುತ್ತಾರೆ. ಸಿಮೆಂಟಿನ ಗೂಡಿನಲ್ಲಿ ಸಿಕ್ಕ ಮರದ ತುದಿಗೆ ಗಾಳಿ ಇಲ್ಲ. ಒಮ್ಮೆ ಒದ್ದೆಯಾದರೆ ಅದು ಒಣಗುವುದಿಲ್ಲ, ಹೊಸ ಮರವೂ ಕೆಲವೇ ವರ್ಷಗಳಲ್ಲಿ ಹಳೆಯದರ ದಾರಿ ಹಿಡಿಯುತ್ತದೆ.

ಸರಿಯಾದ ಕೆಲಸಕ್ಕೆ ಆಚಾರಿ, ಮೇಸ್ತ್ರಿ, ಹೆಂಚಿನವರು ಮೂವರೂ ಒಂದೇ ಹೊತ್ತಿಗೆ ಅಟ್ಟಣಿಗೆ ಮೇಲೆ ಇರಬೇಕು. ಆಚಾರಿ ಕೆಟ್ಟ ತುದಿಯನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಅಥವಾ ಅಷ್ಟೇ ಗಟ್ಟಿಯ ಒಣಗಿದ ಮರದ ತುಂಡನ್ನು ಬೆಸೆಯಬೇಕು. ಓರೆ ಬೆಸುಗೆಯ ಉದ್ದ ಮರದ ದಪ್ಪದ ಮೂರು ಪಟ್ಟಾದರೂ ಇರಲಿ. ಬೋಲ್ಟ್ ಹಾಕುವುದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು, ನಮ್ಮ ಉಪ್ಪು ಗಾಳಿಗೆ ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಮರವನ್ನೇ ಸೀಳುತ್ತದೆ. ಮೇಸ್ತ್ರಿ ಅಡ್ಡದ ಅಡಿಗೆ ಮಾತ್ರ ಸುಣ್ಣದ ಗಾರೆ ತುಂಬಿ, ಎರಡು ಬದಿ ಮತ್ತು ತುದಿಯಲ್ಲಿ ಒಂದಿಂಚು ಸಂದು ಬಿಡಬೇಕು. ಹೆಂಚಿನವರು ಸೂರಿನ ಹೆಂಚು ಗೋಡೆಯಿಂದ ಎಷ್ಟು ಹೊರಗೆ ಚಾಚಬೇಕು ಅನ್ನುವುದನ್ನು ಅಲ್ಲೇ ಹೇಳಬೇಕು, ಯಾಕೆಂದರೆ ಬೆಸೆದ ತುಂಡಿನ ಉದ್ದ ಅದರ ಮೇಲೆ ನಿಂತಿದೆ. ಈ ಮಾತುಕತೆ ಅರ್ಧ ಗಂಟೆಯದು. ಆಫೀಸಿನಲ್ಲಿ ಡ್ರಾಯಿಂಗ್ ಮುಂದಿಟ್ಟುಕೊಂಡು ಮಾಡಿದರೆ ಪ್ರಯೋಜನವಿಲ್ಲ.

ಇನ್ನು ಗೋಡೆ. ಮುರಕಲ್ಲು ತೂತು ತೂತಾದ ಕಲ್ಲು, ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ, ಬಿಸಿಲು ಗಾಳಿಗೆ ಬಿಡುತ್ತದೆ. ಸುಣ್ಣದ ಸಾರಣೆ ಈ ಉಸಿರಾಟಕ್ಕೆ ಅಡ್ಡ ಬರುವುದಿಲ್ಲ. ಅದರ ಮೇಲೆ ಗಟ್ಟಿ ಸಿಮೆಂಟ್ ಸಾರಣೆ ಎಳೆದರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ನೀರಿನಲ್ಲಿ ಕರಗಿದ ಲವಣ ಸಾರಣೆಯ ಹಿಂದೆ ಹರಳುಗಟ್ಟಿ ಕಲ್ಲಿನ ಮೈಯನ್ನು ಒಳಗಿನಿಂದ ಒಡೆಯುತ್ತದೆ. ಕೊನೆಗೆ ಸಿಮೆಂಟ್ ಬೀಳುವಾಗ ಕಲ್ಲಿನ ಒಂದು ಪದರವನ್ನೂ ಕಿತ್ತುಕೊಂಡೇ ಬೀಳುತ್ತದೆ. ದಪ್ಪ ಎಕ್ಸ್‌ಟೀರಿಯರ್ ಎಮಲ್ಷನ್, ವಾಟರ್‌ಪ್ರೂಫ್ ಕೋಟಿಂಗ್ ಮಾಡುವ ಕೆಲಸವೂ ಇದೇ. ಗೋಡೆ ಒದ್ದೆ ಅಂತ ವಾಟರ್‌ಪ್ರೂಫ್ ಬಳಿಯುವುದು ರೋಗವನ್ನು ಒಳಗಿಟ್ಟು ಹೊಲಿದಂತೆ.

ತೇವಕ್ಕೆ ಮದ್ದು ಬಹುಪಾಲು ನೆಲದಲ್ಲಿದೆ. ಅಂಗಳಕ್ಕೆ ಮಣ್ಣು ಏರಿಸಿ, ಅದರ ಮೇಲೆ ಇಂಟರ್‌ಲಾಕ್ ಹಾಸಿ ಗೋಡೆಯ ಬುಡದವರೆಗೆ ತಂದಿರುತ್ತಾರೆ. ಪಂಚಾಂಗದ (ಗೋಡೆಯ ಬುಡದ ಕಟ್ಟೆಯ) ಎತ್ತರ ಮುಚ್ಚಿಹೋಗಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ ಗೋಡೆಗೇ ಸಿಡಿಯುತ್ತದೆ. ಗೋಡೆಯಿಂದ ಕನಿಷ್ಠ ಎರಡಡಿ ಇಂಟರ್‌ಲಾಕ್ ಕಿತ್ತು, ನೆಲವನ್ನು ಹಳೆಯ ಮಟ್ಟಕ್ಕೆ ಇಳಿಸಿ, ಜಲ್ಲಿ ತುಂಬಿದ ಚರಂಡಿಯನ್ನು ಹೊರಗಿಳಿಜಾರಿನಲ್ಲಿ ಕೊಡುವುದು ಮೊದಲ ಕೆಲಸ. ಹೆಚ್ಚಿನ ಟೆಂಡರ್‌ಗಳಲ್ಲಿ ಇದು ಲ್ಯಾಂಡ್‌ಸ್ಕೇಪಿನ ಹೆಸರಿನಲ್ಲಿ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಗೋಡೆಯವರು ಬಿಲ್ ತೆಗೆದುಕೊಂಡು ಹೋಗಿರುತ್ತಾರೆ.

ಸುಣ್ಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಕಂಪೆನಿಯ ಪರ್ಚೇಸ್ ವಿಭಾಗಕ್ಕೂ ಗಾರೆಯ ಮೇಸ್ತ್ರಿಗೂ ಜಗಳ ಹತ್ತುವುದೇ ಇಲ್ಲಿ. ಸುಟ್ಟ ಸುಣ್ಣವನ್ನು, ಚಿಪ್ಪಿನದಾಗಲಿ ಕಲ್ಲಿನದಾಗಲಿ, ನೀರಿಗೆ ಹಾಕಿ ಅರಳಿಸಬೇಕು. ಸುಣ್ಣದ ರಾಶಿಗೆ ನೀರು ಸುರಿಯಬಾರದು: ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಗ್ಲೌಸ್ ಕಡ್ಡಾಯ. ಅರಳಿದ್ದನ್ನು ನುಣ್ಣನೆ ಜರಡಿಯಲ್ಲಿ ಸೋಸಿ, ಮೇಲೆ ಒಂದು ಗೇಣು ನೀರು ನಿಲ್ಲಿಸಿ ತೊಟ್ಟಿಯಲ್ಲಿ ಬಿಡಬೇಕು, ಒಂದು ತಿಂಗಳಾದರೂ. ಅರಳದೆ ಉಳಿದ ಕಾಳು ಗಾರೆಯೊಳಗೆ ಸೇರಿದರೆ ತಿಂಗಳುಗಳ ನಂತರ ತೇವ ಹೀರಿ ಉಬ್ಬಿ, ಸಾರಣೆಯ ಮೇಲೆ ಕಾಸಿನಗಲದ ಗುಳಿ ಬೀಳಿಸುತ್ತದೆ. ಆಗ ಪೈಂಟಿನವರನ್ನು ಬೈದು ಏನು ಫಲ?

ಮರಳು ಹೊಳೆಯದು, ತೊಳೆದದ್ದು. ಸಮುದ್ರದ ಮರಳು, ಉಪ್ಪು ನೀರು ನುಗ್ಗುವ ಅಳಿವೆಯ ಮರಳು ಬೇಡ. ಅಳತೆಗೆ ಒಂದು ಸರಳ ಪರೀಕ್ಷೆ ಇದೆ: ಬಕೆಟ್ ತುಂಬ ಒಣ ಮರಳು ತೆಗೆದುಕೊಂಡು, ಮೇಲ್ಮಟ್ಟಕ್ಕೆ ನೀರು ಬರುವವರೆಗೆ ಅಳೆದು ಸುರಿಯಿರಿ. ಹಿಡಿದ ನೀರು ಮರಳಿನ ನಡುವಿನ ಖಾಲಿ ಜಾಗ. ಸಾಮಾನ್ಯವಾಗಿ ಮೂರನೇ ಒಂದರ ಹತ್ತಿರ ಬರುತ್ತದೆ, ಸುಣ್ಣ ಒಂದಕ್ಕೆ ಮರಳು ಮೂರು ಅನ್ನುವ ಲೆಕ್ಕ ಬಂದದ್ದು ಹೀಗೆ. ನಿಮ್ಮ ಮರಳು ಹೆಚ್ಚು ನೀರು ಹಿಡಿದರೆ ಸುಣ್ಣವೂ ಹೆಚ್ಚು ಬೇಕು. ತೇವ ಜಾಸ್ತಿ ಇರುವ ಬುಡದ ಭಾಗಕ್ಕೆ ಸುರ್ಕಿ (ಸುಟ್ಟ ಮಣ್ಣಿನ ಪುಡಿ) ಬೆರೆಸಿದರೆ ಗಾರೆ ತೇವದಲ್ಲೂ ಗಟ್ಟಿಯಾಗುತ್ತದೆ. ಇದಕ್ಕೆ ಚೆನ್ನಾಗಿ ಬೆಂದ ಗಟ್ಟಿ ಹೆಂಚಿನ ಪುಡಿಗಿಂತ ಕಡಿಮೆ ಬೆಂದ ಇಟ್ಟಿಗೆಯ ನುಣ್ಣನೆ ಪುಡಿ ಮೇಲು. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುವ ರೂಢಿಯೂ ಇದೆ, ಕೈ ಬಿಗಿಯಾಗಿರಲಿ. ಬೆಲ್ಲ ಮೀರಿದರೆ ಗಾರೆ ಗಟ್ಟಿಯಾಗಲು ತಡವಾಗುತ್ತದೆ, ಬೂಸ್ಟೂ ಬರುತ್ತದೆ.

ಒಂದು ಪದರ 10-12 ಮಿಲಿಮೀಟರ್ ಮೀರಬಾರದು. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆಯೇ ಮುಂದಿನ ಪದರ, ಅಂದರೆ ವಾರ, ಹತ್ತು ದಿನ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಅದಕ್ಕೆ ಸ್ವಲ್ಪ ತೇವವೂ ಬೇಕು, ಗಾಳಿಯೂ ಬೇಕು. ಮಾರ್ಚ್ ಬಿಸಿಲಿಗೆ ಬಿಟ್ಟರೆ ಒಣಗಿ ಬಿರುಕು, ಜೂನ್ ಮಳೆಗೆ ಸಿಕ್ಕರೆ ತೊಳೆದುಹೋಗುತ್ತದೆ. ಒದ್ದೆ ಗೋಣಿ ಕಟ್ಟಿ ನೆರಳು ಮಾಡುವುದು, ದಿನಕ್ಕೆ ಮೂರು ನಾಲ್ಕು ಸಲ ನೀರಿನ ಮಂಜು ಹೊಡೆಯುವುದು, ಇದನ್ನೆಲ್ಲ ಒಬ್ಬರು ಹೊಣೆ ಹೊತ್ತು ಮಾಡಬೇಕು. ಭಾನುವಾರವೂ ಸೇರಿ.

ಈಗ ಹಣದ ವಿಷಯ. ಸುಣ್ಣದ ಸಾರಣೆಗೆ ಚದರಡಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಯಾವ ಮೇಸ್ತ್ರಿ ಹತ್ತು ದಿನ ಕಾಯುತ್ತಾನೆ? ಎರಡು ಪದರವನ್ನು ಒಂದೇ ದಿನ ಎಳೆಯುತ್ತಾನೆ, ಬೇಗ ಗಟ್ಟಿಯಾಗಲಿ ಅಂತ ಒಂದು ಬಾಂಡ್ಲಿ ಸಿಮೆಂಟ್ ಸೇರಿಸುತ್ತಾನೆ. ತಪ್ಪು ಅವನದ್ದಲ್ಲ, ರೇಟ್ ಬರೆದವರದ್ದು. ಈ ಕೆಲಸಕ್ಕೆ ದಿನಗೂಲಿಯೇ ಸರಿ. ಎಸ್ಟಿಮೇಟ್ ಬರೆಯುವಾಗಲೇ ಗಾರೆಯವರು, ಆಚಾರಿ, ಹೆಂಚಿನವರು ಸೈಟಿಗೆ ಬಂದು ನೋಡಲಿ, ಆ ದಿನದ ಸಂಬಳ ಕಂಪೆನಿಯೇ ಕೊಡಲಿ. ಮುಚ್ಚಿಗೆ (ಹಲಗೆಯ ಸೀಲಿಂಗ್) ಬಿಚ್ಚಿದ ಮೇಲೆ ಏನು ಹೊರಬೀಳುತ್ತದೋ ಹೇಳಲಾಗದು, ಹಾಗಾಗಿ ಶೇಕಡಾ 15ರಷ್ಟು ಮೊತ್ತ ಅನಿರೀಕ್ಷಿತಕ್ಕೆ ಅಂತ ಬೇರೆಯೇ ಇಡಬೇಕು. ಅದಿಲ್ಲದಿದ್ದರೆ ಬಿಚ್ಚಿದಾಗ ಕಂಡ ಒರಲೆ (ಗೆದ್ದಲು) ಹಿಡಿದ ತೊಲೆಯನ್ನು ಯಾರೂ ಬಾಯಿಬಿಟ್ಟು ಹೇಳದೆ ಹಲಗೆ ಮುಚ್ಚುತ್ತಾರೆ.

ಮಾಡಿನ, ಅಂದರೆ ಹೆಂಚಿನ ಛಾವಣಿಯ, ಕೆಲಸದಲ್ಲಿ ಅಪಾಯವೂ ಇದೆ. ಮಂಗಳೂರು ಹೆಂಚು ಒಂದು ಚದರ ಮೀಟರ್‌ಗೆ ಸುಮಾರು 14-15 ಬೇಕು. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ 200 ಚದರ ಮೀಟರ್ ಮಾಡಿನ ಮೇಲೆ 7 ಟನ್ ಕೂತಿರುತ್ತದೆ. ಒಂದು ಕಡೆಯ ಇಳಿಜಾರನ್ನು ಪೂರ್ತಿ ಬಿಚ್ಚಿ ಇನ್ನೊಂದನ್ನು ಹಾಗೇ ಬಿಟ್ಟರೆ ಭಾರ ಒಂದೇ ಕಡೆ ತಳ್ಳಿ ಹಳೆಯ ಕಟ್ಟು ವಾಲುತ್ತದೆ. ಎರಡೂ ಕಡೆ ಸಮವಾಗಿ, ನೆತ್ತಿಯಿಂದ ಕೆಳಕ್ಕೆ, ಸಾಲು ಸಾಲಾಗಿ ಇಳಿಸಬೇಕು. ಇಳಿಸಿದ ಹೆಂಚನ್ನು ಮುದ್ರೆ ನೋಡಿ ವಿಂಗಡಿಸಬೇಕು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನೇತ್ರಾವತಿ, ಫಲ್ಗುಣಿ ದಡದಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಒಂದರ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರದು, ಎರಡು ಕಾರ್ಖಾನೆಯ ಹೆಂಚು ಬೆರೆಸಿದ ಸಾಲು ಸೋರುತ್ತದೆ. ಬೆರಳಿನಿಂದ ತಟ್ಟಿದಾಗ ಗಂಟೆಯ ಶಬ್ದ ಬಂದದ್ದು ಮೇಲಕ್ಕೆ, ಬೊದ್ದು ಶಬ್ದದ್ದು ನೆಲಕ್ಕೆ ತುಂಬಲು ಸಾಕು. ರೀಪಿನ ಅಂತರವನ್ನು ಪುಸ್ತಕ ನೋಡಿ ಹಾಕಬೇಡಿ, ಕೈಯಲ್ಲಿರುವ ಹೆಂಚು ಹತ್ತು ಜೋಡಿಸಿ ಅಳೆದು ಹಾಕಿ.

ವೈರಿಂಗ್‌ನವರು ಹೆಂಚು ಹೊದಿಸುವ ಮೊದಲು ಮಾಡಿನ ಕೆಲಸ ಮುಗಿಸಿರಬೇಕು. ಆಮೇಲೆ ಹತ್ತಿದರೆ ಕಾಲಿಟ್ಟಲ್ಲೆಲ್ಲ ಹೆಂಚು ಬಿರುಕು, ಮೊದಲ ಮಳೆಗೆ ಬಯ್ಗುಳ ಹೆಂಚಿನವರಿಗೆ. ಮುರಕಲ್ಲಿನ ಗೋಡೆಯಲ್ಲಿ ಅಡ್ಡಡ್ಡ ಕೊರೆದು ಪೈಪ್ ಹೂಳುವುದಂತೂ ಬೇಡವೇ ಬೇಡ. ಪೈಪ್ ಮೇಲ್ಮೈಯಲ್ಲೇ, ಮರದ ಅಂಚಿನ ಗುಂಟ ಹೋಗಲಿ.

ಭಾಷೆಯೂ ಒಂದು ಸಮಸ್ಯೆ. ನಮ್ಮ ಸೈಟುಗಳಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಹಿಂದಿ ಎಲ್ಲ ನಡೆಯುತ್ತವೆ. ಒಂದೇ ಮರದ ತುಂಡಿಗೆ ನಾಲ್ಕು ಹೆಸರು. ಹೆಸರು ಹೇಳಿ ಕೆಲಸ ಒಪ್ಪಿಸಬೇಡಿ, ನಂಬರ್ ಹೇಳಿ. ಬಿಚ್ಚುವ ಮೊದಲು ಪ್ರತಿ ಪಕ್ಕಾಸು, ತೊಲೆ, ಕಂಬ, ಬಾಗಿಲ ದಾರಂದಕ್ಕೆ ಅಲ್ಯೂಮಿನಿಯಂ ಬಿಲ್ಲೆ ಹೊಡೆದು, ಅದೇ ನಂಬರ್ ಡ್ರಾಯಿಂಗಿನಲ್ಲೂ ಫೋಟೊದಲ್ಲೂ ಬರಲಿ. ಸೀಮೆಸುಣ್ಣದಲ್ಲಿ ಬರೆದದ್ದು ಎರಡು ಸಲ ಕೈ ಬದಲಾಗುವಷ್ಟರಲ್ಲಿ ಅಳಿಸಿರುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ರೂಪಿಸಿದ ಹಸ್ತಶಿಲ್ಪ ಪರಂಪರೆ ಗ್ರಾಮಕ್ಕೆ ಹೋದಾಗ ಕುಂಜೂರು ಚೌಕಿಮನೆಯನ್ನೋ ಮಿಯಾರು ಮನೆಯನ್ನೋ ಕೆತ್ತನೆಗಾಗಿ ಮಾತ್ರ ನೋಡಬೇಡಿ, ಸಂದುಗಳನ್ನು ನೋಡಿ. ಇದ್ದಲ್ಲಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ಮನೆಗಳವು. ತುಂಡು ತುಂಡಿನ ಲೆಕ್ಕ ಇಡದೆ ಅಂಥ ಕೆಲಸ ಆಗುವುದಿಲ್ಲ.

ವೇಳಾಪಟ್ಟಿಯನ್ನು ಮಳೆಗಾಲದಿಂದಲೇ ಶುರುಮಾಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಕೆಲಸ ಇಲ್ಲ ಅಂತ ಸೈಟಿಗೆ ಬೀಗ ಹಾಕುತ್ತಾರೆ. ಎಲ್ಲಿ ಸೋರುತ್ತದೆ, ತೇವ ಗೋಡೆಯಲ್ಲಿ ಎಷ್ಟು ಎತ್ತರ ಏರುತ್ತದೆ, ಅಂಗಳದ ನೀರು ಎತ್ತ ಹರಿಯುತ್ತದೆ ಅನ್ನುವುದು ಕಾಣುವುದು ಆಗ ಮಾತ್ರ. ಇಂಜಿನಿಯರ್ ಮತ್ತು ಮೇಸ್ತ್ರಿ ಒಟ್ಟಿಗೆ ಹೋಗಿ ಗುರುತು ಹಾಕಲಿ. ಮರಕ್ಕೆ ಆಗಲೇ ಹೇಳಿ ಇಟ್ಟರೆ ಒಣಗಲು ಸಮಯ ಸಿಗುತ್ತದೆ. ಸುಣ್ಣ ಅಕ್ಟೋಬರ್ ಹೊತ್ತಿಗೆ ತೊಟ್ಟಿಯಲ್ಲಿರಲಿ. ದೀಪಾವಳಿ ಕಳೆದ ಮೇಲೆ ಮಾಡು ಬಿಚ್ಚಿ, ಹೊರಗಿನ ಸಾರಣೆ ಮಾರ್ಚ್ ಕೊನೆಗೆ ಮುಗಿಸಿ, ಏಪ್ರಿಲ್-ಮೇ ತಿಂಗಳ ಸಿಡಿಲು ಮಳೆಗೆ ತಾಡಪಾಲು ಸಿದ್ಧ ಇಟ್ಟುಕೊಂಡು, ಮೇ ಕೊನೆಯ ವಾರದ ಸುಮಾರಿಗೆ ಬರುವ ಪತ್ತನಾಜೆಯ ಒಳಗೆ ನೆತ್ತಿ ಹೆಂಚು ಕೂರಿಸಿ ಮುಗಿಸಬೇಕು. ತಡವಾದರೆ ಆ ವರ್ಷ ಅರ್ಧ ಮಾಡನ್ನಷ್ಟೇ ಮಾಡಿ. ಎಲ್ಲ ಬಿಚ್ಚಿಟ್ಟು ಜೂನ್‌ಗೆ ಸಿಕ್ಕಿಕೊಳ್ಳಬೇಡಿ.

ಕೆಲಸ ಮಾಡಿಸುವ ಮನೆಯವರಿಗೆ, ಟ್ರಸ್ಟ್‌ಗಳಿಗೆ ಎರಡು ಮಾತು. ಕರಾರಿನಲ್ಲಿ ಬರೆಸಿ: ಒಂದು ಚದರ ಮೀಟರ್ ಮಾದರಿ ಸಾರಣೆ ಮೊದಲು ಮಾಡಿ ತಿಂಗಳು ಬಿಟ್ಟು ನೋಡಿದ ಮೇಲೆಯೇ ಉಳಿದ ಗೋಡೆ. ಮುಚ್ಚಿಹೋಗುವ ಪ್ರತಿ ಸಂದಿನ ಫೋಟೊ ಬಿಲ್ಲಿನ ಜೊತೆ ಬರಬೇಕು. ಆಚಾರಿ, ಗಾರೆಯವರು, ಹೆಂಚಿನವರು, ಈ ಮೂವರಲ್ಲಿ ಯಾರು ಕೆಲಸ ನಿಲ್ಲಿಸಿ ಅಂದರೂ ಇಂಜಿನಿಯರ್ ಬಂದು ನೋಡುವವರೆಗೆ ನಿಲ್ಲಬೇಕು, ನಿಂತ ದಿನದ ಕೂಲಿ ಯಾರಿಗೂ ಕಡಿತವಾಗಬಾರದು. ಕೊನೆಯ ಕಂತನ್ನು ಗೃಹಪ್ರವೇಶದ ದಿನ ಕೊಡಬೇಡಿ. ಒಂದು ಪೂರ್ತಿ ಮಳೆಗಾಲ ದಾಟಿ, ಸೆಪ್ಟೆಂಬರ್ ಕೊನೆಯಲ್ಲಿ ಎಲ್ಲರೂ ಮತ್ತೊಮ್ಮೆ ಅಟ್ಟ ಹತ್ತಿ ಪಕ್ಕಾಸಿನ ತುದಿಗಳನ್ನು ಟಾರ್ಚ್ ಹಾಕಿ ನೋಡಿದ ಮೇಲೆ ಕೊಡಿ.