ಓಶ್‌ಗೆ ಹೋಗುವವರು ದಯವಿಟ್ಟು ರಸ್ತೆಯಲ್ಲೇ ಹೋಗಿ

ಕಿರ್ಗಿಸ್ತಾನದ ಓಶ್‌ನಲ್ಲಿ ಎಂಬಿಬಿಎಸ್ ಓದಲು ಹೋದ ನಮ್ಮ ಮಕ್ಕಳಿದ್ದಾರೆ. ನಮ್ಮಕ್ಕನ ಮಗಳೂ ಅಲ್ಲೇ. ನೋಡಲು ಹೋಗುವ ಅಪ್ಪ-ಅಮ್ಮಂದಿರು ರಾಜಧಾನಿ ಬಿಷ್ಕೆಕ್‌ನಲ್ಲಿ ಇಳಿದವರೇ ಇನ್ನೊಂದು ವಿಮಾನ ಹತ್ತಿ, ಮುಕ್ಕಾಲು ಗಂಟೆಯಲ್ಲಿ ಓಶ್ ಸೇರಿಬಿಡುತ್ತಾರೆ. ಮಗಳು ವರ್ಷಗಟ್ಟಲೆ ಇರುವ ದೇಶ ಎಂಥದ್ದು ಅಂತ ಒಮ್ಮೆಯಾದರೂ ನೋಡಬೇಡವೇ? ಬೇಸಿಗೆಯಲ್ಲಿ ಹೋಗುವುದಾದರೆ ಕಾರು ಮಾಡಿಕೊಳ್ಳಿ. 600 ಕಿ.ಮೀ.ಗೂ ಹೆಚ್ಚು ದೂರ, ನಿಜ. ಆದರೆ ಉತ್ತರ, ದಕ್ಷಿಣ ಅಂತ ದೇಶವನ್ನೇ ಎರಡು ಮಾಡಿರುವ ತಿಯಾನ್ ಶಾನ್ ಪರ್ವತಗಳನ್ನು ದಾಟಿಸುವ ದಾರಿ ಅದು.

ಕಾರಾ-ಬಾಲ್ಟಾ ಊರು ಆದಮೇಲೆ ಘಾಟಿ ಶುರು. ಮೇಲೆ, 3,000 ಮೀಟರಿಗೂ ಎತ್ತರದಲ್ಲಿ, ಸೋವಿಯತ್ ಕಾಲದ ತೂ-ಅಶೂ ಸುರಂಗ. ಇಕ್ಕಟ್ಟು, ಮಬ್ಬು ಬೆಳಕು, ಲಾರಿಗಳ ಹೊಗೆ. ನಮ್ಮ ಡ್ರೈವರ್ ಒಳಗೆ ಹೋಗುವ ಮೊದಲೇ ಗ್ಲಾಸೆಲ್ಲ ಏರಿಸಿಬಿಟ್ಟರು. ಆಚೆ ಬಂದರೆ ಕೆಳಗೆ ಇಡೀ ಸುಸಮಿರ್ ಹುಲ್ಲುಗಾವಲು! ರಸ್ತೆ ಪಕ್ಕದಲ್ಲೇ ಉಣ್ಣೆಯ ಗುಡಾರಗಳು, ಕಟ್ಟಿಹಾಕಿದ ಮರಿಗಳು, ಹಾಲು ಕರೆಯುವ ಹೆಂಗಸರು. ಹುಳಿ ಬರಿಸಿದ ಕುದುರೆ ಹಾಲು, ಕುಮಿಸ್, ಬಟ್ಟಲಲ್ಲಿ ಕೊಟ್ಟರು. ಹುಳಿ ಜೊತೆಗೆ ಸ್ವಲ್ಪ ಹೊಗೆ ವಾಸನೆ, ನಾಲಿಗೆ ಚುರುಗುಟ್ಟುತ್ತದೆ. ನನಗಂತೂ ತುಂಬ ಹಿಡಿಸಿತು.

ನನ್ನ ಮನಸ್ಸಿನಿಂದ ಹೋಗದಿರುವುದು ಟೊಕ್ತೊಗುಲ್ ಜಲಾಶಯ. ಕೊಮುಜ್ ಎಂಬ ತಂತಿವಾದ್ಯ ನುಡಿಸಿ ಹಾಡುತ್ತಿದ್ದ ಜನಕವಿ ಟೊಕ್ತೊಗುಲ್ ಸಾತಿಲ್ಗಾನೊವ್ ಹೆಸರು ಅದಕ್ಕೆ. ಅಣೆಕಟ್ಟಿಗೆ ಕವಿಯ ಹೆಸರಿಟ್ಟ ಜನ ಅಂದರೆ ಗೌರವ ಬರುತ್ತದೆ. ನಾರಿನ್ ನದಿಗೆ ಅಣೆಕಟ್ಟು ಕಟ್ಟಿದಾಗ ಕಣಿವೆಯ ಊರುಗಳು ಮುಳುಗಿದವು, ಹಾಗಾಗಿ ಈಗ ರಸ್ತೆ ನೀಲಿ ನೀರನ್ನು ಬಳಸಿಕೊಂಡೇ ಹೋಗಬೇಕು. ಚಳಿಗಾಲದಲ್ಲಿ ಕರೆಂಟಿಗಾಗಿ ಕಿರ್ಗಿಸ್ತಾನ ನೀರು ಬಿಡುತ್ತದೆ. ಕೆಳಗಿನ ಉಜ್ಬೆಕಿಸ್ತಾನಕ್ಕೆ ಹತ್ತಿ ಹೊಲಗಳಿಗೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ಕಾವೇರಿ ಗಲಾಟೆ ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ದಾರಿ ಫರ್ಗಾನಾ ಬಯಲಿಗೆ ಇಳಿಯುತ್ತದೆ. ಸೋವಿಯತ್ ಒಡೆದ ಮೇಲೆ ಹಳೇ ರಸ್ತೆಯ ತುಂಡುಗಳು ಉಜ್ಬೆಕ್ ಗಡಿಯೊಳಗೆ ಉಳಿದವು. ಸುತ್ತಿ ಬರಲು ಹೊಸ ರಸ್ತೆ ಮಾಡಿಕೊಳ್ಳಬೇಕಾಯಿತು. ನಕ್ಷೆಯಲ್ಲಿ ಎಳೆದ ಗೆರೆ ಜನರನ್ನು ಎಷ್ಟು ಅಲೆಸುತ್ತದೆ ಅಂತ ಇಲ್ಲಿ ಮೈಯಲ್ಲೇ ಗೊತ್ತಾಗುತ್ತದೆ.

ದುಡ್ಡು ಉಳಿಯುತ್ತದೆ ಅಂತ ರಾತ್ರಿಯ ಶೇರ್ ಟ್ಯಾಕ್ಸಿ ಮಾತ್ರ ಹತ್ತಬೇಡಿ. ಘಾಟಿಯಲ್ಲಿ ಅಪಾಯ, ಏನೂ ಕಾಣುವುದೂ ಇಲ್ಲ. ಬೆಳಿಗ್ಗೆ ಹೊರಟು ಜಲಾಶಯದ ಹತ್ತಿರದ ಟೊಕ್ತೊಗುಲ್ ಊರಲ್ಲಿ ಉಳಿಯಿರಿ. ಮರುದಿನ ಉಜ್ಗೆನ್ ಪಟ್ಟಣದಲ್ಲಿ ಇಳಿದು, ಮಧ್ಯಯುಗದ ತುರ್ಕಿ ಅರಸರಾದ ಕಾರಾಖಾನಿಗಳ ಕಾಲದ ಇಟ್ಟಿಗೆ ಮಿನಾರು ನೋಡಿ. ಅಲ್ಲಿನ ಕೆಂಪಕ್ಕಿಯ ಪಲಾವ್ ತಿನ್ನದೆ ಓಶ್‌ಗೆ ಹೊರಡಬೇಡಿ.